ನಾಯಿ ಮುದ್ದು ಕೇಳುವ ರೀತಿ ಬದಲಾಯಿತೇ? ಕಾರಣ ಹೀಗೆ ಹುಡುಕಿ

ನೀವು ಕೂತ ತಕ್ಷಣ ಬಂದು ತೊಡೆಯ ಮೇಲೆ ತಲೆ ಇಡುತ್ತಿದ್ದ ನಾಯಿ ಈಗ ಬಾಗಿಲ ಹತ್ತಿರ ಮಲಗಿ ಅಲ್ಲಿಂದಲೇ ಬಾಲ ಆಡಿಸುತ್ತದೆ. ಇಲ್ಲವೇ ಇದರ ಉಲ್ಟಾ. ತನ್ನ ಪಾಡಿಗೆ ತಾನಿರುತ್ತಿದ್ದ ನಾಯಿ ಈಗ ಕೋಣೆಯಿಂದ ಕೋಣೆಗೆ ಹಿಂದೆಯೇ ಬರುತ್ತದೆ, ಸವರುವ ಕೈ ನಿಂತರೆ ಮೂತಿಯಿಂದ ತಿವಿಯುತ್ತದೆ. ಮೊದಲನೆಯದಕ್ಕೆ ನಾವು ಕೋಪ ಅಂತ ಹೆಸರಿಡುತ್ತೇವೆ, ಎರಡನೆಯದಕ್ಕೆ ಪ್ರೀತಿ ಅಂತ. ಎರಡೂ ಅವಸರದ ತೀರ್ಮಾನ.

ಪ್ರೀತಿ ಕಡಿಮೆಯಾಯಿತೋ ಜಾಸ್ತಿಯಾಯಿತೋ ಅನ್ನುವುದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಹತ್ತಿರ ಬರುವ ರೀತಿ ಯಾಕೆ ಬದಲಾಯಿತು ಅಂತ ಕೇಳಿ. ಈ ಪ್ರಶ್ನೆಗೆ ಹುಡುಕಿದರೆ ಉತ್ತರ ಸಿಗುತ್ತದೆ. ಆದರೆ ಹುಡುಕುವ ಕ್ರಮ ಮುಖ್ಯ. ಮೊದಲು ಮೈ, ಆಮೇಲೆ ವಯಸ್ಸು, ಆಮೇಲೆ ಮನೆ, ಕೊನೆಗೆ ನಮ್ಮ ನಡವಳಿಕೆ. ಎಷ್ಟೋ ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಮೊದಲು ತರಬೇತಿ ಶುರು ಮಾಡುತ್ತಾರೆ, ಅದು ಕೆಲಸ ಮಾಡದಿದ್ದಾಗ ಪಶುವೈದ್ಯರ ಹತ್ತಿರ ಹೋಗುತ್ತಾರೆ. ನಾಯಿಗೆ ನೋವಿದ್ದರೆ ಅಷ್ಟು ದಿನವೂ ಅದು ಸುಮ್ನೆ ಅನುಭವಿಸಿರುತ್ತದೆ.

ಹೆಜ್ಜೆ 1: ಏನು ಬದಲಾಗಿದೆ ಅಂತ ಬರೆದಿಡಿ

"ಮೊದಲಿನ ಹಾಗೆ ಇಲ್ಲ" ಅನ್ನುವ ಮಾತಿನಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಒಂದು ವಾರ ಫೋನಿನಲ್ಲೇ ಚಿಕ್ಕದಾಗಿ ಗುರುತು ಮಾಡಿಕೊಳ್ಳಿ. ನಾಯಿ ಯಾವಾಗ ಹತ್ತಿರ ಬಂತು, ಯಾರ ಹತ್ತಿರ ಬಂತು, ಮೈಯ ಯಾವ ಭಾಗ ಮುಂದೆ ಮಾಡಿತು, ಯಾವಾಗ ಎದ್ದು ಹೋಯಿತು. ಇಷ್ಟು ಸಾಕು.

ಬರೆದದ್ದನ್ನು ಓದುವಾಗ ಕೆಲವು ವಿಷಯ ಗಮನಿಸಿ. ಬದಲಾವಣೆ ಒಂದೆರಡು ದಿನದಲ್ಲಿ ಆಯಿತೇ, ತಿಂಗಳುಗಟ್ಟಲೆ ನಿಧಾನವಾಗಿ ಆಯಿತೇ? ದಿಢೀರ್ ಆಗಿದ್ದರೆ ನೋವು, ಸೋಂಕು ಅಥವಾ ಭಯ ಹುಟ್ಟಿಸಿದ ಯಾವುದೋ ಘಟನೆಯ ಅನುಮಾನ ಜಾಸ್ತಿ. ನಿಧಾನವಾಗಿದ್ದರೆ ವಯಸ್ಸು, ಕೀಲುನೋವು, ಕಣ್ಣು, ಕಿವಿ ಇವುಗಳ ಕಡೆ ನೋಡಬೇಕು. ಎಲ್ಲರಿಂದಲೂ ದೂರ ಹೋಗುತ್ತಿದೆಯೇ, ಒಬ್ಬರಿಂದ ಮಾತ್ರವೇ? ಒಬ್ಬರಿಂದ ಮಾತ್ರ ಆದರೆ ಆ ಒಬ್ಬರು ಮುಟ್ಟುವ ರೀತಿ, ಅವರ ದನಿ, ಅವರ ದಿನಚರಿಯಲ್ಲಿ ಏನಾದರೂ ಬದಲಾಗಿರಬಹುದು. ಮೈಯಲ್ಲಿ ಒಂದು ಜಾಗ ಮುಟ್ಟಿದರೆ ಮಾತ್ರ ಸರಿಯುತ್ತದೆಯೇ? ಹಾಗಿದ್ದರೆ ಹೆಜ್ಜೆ 2ರಲ್ಲೇ ನಿಮ್ಮ ಉತ್ತರ ಇರುವ ಸಾಧ್ಯತೆ ಹೆಚ್ಚು.

ಹೆಜ್ಜೆ 2: ಮೊದಲು ಮೈ ನೋಡಿ

ಈ ಹೆಜ್ಜೆಯಲ್ಲಿ ಅವಸರ ಬೇಡ. ವರ್ತನೆಯ ತೊಂದರೆ ಅಂತ ತಜ್ಞರ ಬಳಿ ಬರುವ ನಾಯಿಗಳ ಬಗ್ಗೆ ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದ ಡೇನಿಯಲ್ ಮಿಲ್ಸ್ ಮತ್ತು ಜೊತೆಗಾರರು 2020ರಲ್ಲಿ ಒಂದು ಪರಿಶೀಲನೆ ಪ್ರಕಟಿಸಿದರು. ಕಡಿಮೆ ಅಂದರೂ ಸುಮಾರು ಮೂರನೇ ಒಂದು ಭಾಗದಷ್ಟು ಪ್ರಕರಣಗಳಲ್ಲಿ ಯಾವುದೋ ನೋವು ಸೇರಿಕೊಂಡಿರುತ್ತದೆ ಅನ್ನುವುದು ಅವರ ಅಂದಾಜು. ಅಂದರೆ ಮನೆಯವರು "ಸ್ವಭಾವ ಬದಲಾಯಿತು" ಅಂತ ಕರೆತಂದ ಎಷ್ಟೋ ನಾಯಿಗಳಿಗೆ ಎಲ್ಲೋ ನೋಯುತ್ತಿತ್ತು.

ನೋವಿದ್ದರೆ ನಾಯಿ ಕಿರುಚುತ್ತದೆ ಅಂತ ಕಾಯಬೇಡಿ. ದಿನಗಟ್ಟಲೆ ಕಾಡುವ ನೋವಿಗೆ ನಾಯಿಗಳು ಸಾಮಾನ್ಯವಾಗಿ ಸದ್ದು ಮಾಡುವುದಿಲ್ಲ. ಅವು ಕೂರುವ, ಏಳುವ, ಮಲಗುವ ರೀತಿ ಬದಲಿಸಿಕೊಳ್ಳುತ್ತವೆ. ಸೊಂಟ ಅಥವಾ ಮೊಣಕಾಲಿನ ಕೀಲು ಸವೆದ ನಾಯಿಗೆ ಸೋಫಾ ಹತ್ತುವುದು ಕಷ್ಟ. ನಾವು ಅದನ್ನು "ಈಗ ನಮ್ಮ ಪಕ್ಕ ಕೂರುವುದೇ ಇಲ್ಲ" ಅಂತ ಓದಿಕೊಳ್ಳುತ್ತೇವೆ. ಅದಕ್ಕೆ ಬೇಡವಾಗಿರುವುದು ಸೋಫಾ, ನೀವಲ್ಲ. ಪರೀಕ್ಷೆ ಸುಲಭ: ನೀವೇ ನೆಲದ ಮೇಲೆ ಕೂತು ನೋಡಿ. ಆಗ ಬಂದು ಒರಗಿದರೆ ಕೀಲಿನ ಬಗ್ಗೆ ವಿಚಾರಿಸಲೇಬೇಕು.

ಕಿವಿಯ ಸೋಂಕಿದ್ದರೆ ತಲೆ ಸವರಲು ಕೈ ಎತ್ತಿದ ಕೂಡಲೇ ಮುಖ ತಿರುಗಿಸುತ್ತದೆ, ಪದೇ ಪದೇ ತಲೆ ಕೊಡವುತ್ತದೆ, ಕಿವಿಯಿಂದ ವಾಸನೆ ಬರುತ್ತದೆ. ಹಲ್ಲು ಅಥವಾ ವಸಡಿನ ತೊಂದರೆ ಇದ್ದರೆ ಕೆನ್ನೆ ಮುಟ್ಟಿಸಿಕೊಳ್ಳುವುದಿಲ್ಲ, ಒಂದೇ ಬದಿಯಲ್ಲಿ ಅಗಿಯುತ್ತದೆ. ಕುತ್ತಿಗೆ ಅಥವಾ ಬೆನ್ನುಹುರಿ ನೋಯುತ್ತಿದ್ದರೆ ತಲೆ ಎತ್ತಿ ನಿಮ್ಮ ಮುಖ ನೋಡುವುದನ್ನೇ ಬಿಡಬಹುದು. ಚರ್ಮದ ಅಲರ್ಜಿ ಇದ್ದರೆ ಒಮ್ಮೆ "ಇಲ್ಲೇ ಕೆರೆ" ಅಂತ ಮೈ ಒಡ್ಡುತ್ತದೆ, ಮರುಕ್ಷಣವೇ ಕೈ ತಪ್ಪಿಸಿಕೊಳ್ಳುತ್ತದೆ.

ಇನ್ನೊಂದು ಮುಖವೂ ಇದೆ. ಕೆಲವು ನಾಯಿಗಳು ನೋವು ಬಂದಾಗ ದೂರ ಹೋಗುವುದಿಲ್ಲ, ಅಂಟಿಕೊಳ್ಳುತ್ತವೆ. ಕಣ್ಣು ಮಂಜಾದ ಅಥವಾ ಕಿವಿ ಮಂದವಾದ ನಾಯಿಯೂ ಹಾಗೆಯೇ. ನೀವು ಎಲ್ಲಿದ್ದೀರಿ ಅಂತ ದೂರದಿಂದ ತಿಳಿಯದಿದ್ದರೆ ಮೈ ತಾಗಿಸಿಕೊಂಡೇ ಇರುವುದು ಅದಕ್ಕೆ ಸುಲಭ. ಅದೇ ನಾಯಿಯನ್ನು ಮಲಗಿದ್ದಾಗ ಹಿಂದಿನಿಂದ ಮುಟ್ಟಿದರೆ ಬೆಚ್ಚಿ ಗುರ್ ಅನ್ನಬಹುದು. ಒಂದೇ ನಾಯಿ ಅಂಟಿಕೊಳ್ಳುವುದೂ ಗುರುಗುಟ್ಟುವುದೂ ಕಂಡಾಗ ಮನೆಯವರು ಗೊಂದಲಕ್ಕೆ ಬೀಳುತ್ತಾರೆ. ಕಿವಿ ಕೇಳುವುದಿಲ್ಲ ಅಂತ ಗೊತ್ತಾದ ಮೇಲೆ ಎರಡಕ್ಕೂ ಅರ್ಥ ಸಿಗುತ್ತದೆ.

ಹಾರ್ಮೋನಿನ ಕಾಯಿಲೆಗಳನ್ನೂ ಮರೆಯಬೇಡಿ. ಥೈರಾಯ್ಡ್ ಕಡಿಮೆಯಾದ ನಾಯಿ ದಪ್ಪವಾಗುತ್ತದೆ, ಮಂಕಾಗುತ್ತದೆ, ಬೆಚ್ಚಗಿನ ಜಾಗ ಹುಡುಕುತ್ತದೆ. ಆ ಬೆಚ್ಚಗಿನ ಜಾಗ ನಿಮ್ಮ ಮಡಿಲೂ ಆಗಿರಬಹುದು! ಮೈಯಲ್ಲಿ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಅತಿಯಾಗುವ ಕುಶಿಂಗ್ ಕಾಯಿಲೆಯಲ್ಲಿ ಬಾಯಾರಿಕೆ, ಹಸಿವು, ಏದುಸಿರು ಜಾಸ್ತಿಯಾಗುತ್ತವೆ, ಅಂಥ ನಾಯಿಗೆ ತಂಪು ನೆಲವೇ ಹಿತ. ಸ್ಟಿರಾಯ್ಡ್ ಮಾತ್ರೆ ತಿನ್ನುತ್ತಿರುವ ನಾಯಿಗಳಲ್ಲೂ ಇದೇ ಥರದ ಬದಲಾವಣೆ ಕಾಣಬಹುದು. ಮಾತ್ರೆ ಶುರುವಾದ ದಿನವನ್ನು ನಿಮ್ಮ ಪಟ್ಟಿಯ ಜೊತೆ ಹೋಲಿಸಿ ನೋಡಿ. ಹಾಗಂತ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇಷ್ಟು. ನಾಯಿ ನಿಂತಿರುವಾಗ, ಅದಕ್ಕೆ ಮನಸ್ಸಿದ್ದಾಗ, ಕುತ್ತಿಗೆಯಿಂದ ಬಾಲದ ಬುಡದ ತನಕ ಅಂಗೈಯಿಂದ ಹಗುರವಾಗಿ ಸವರಿ. ಒತ್ತಬೇಡಿ. ಚರ್ಮ ಅದುರುವುದು, ಮೈ ಬಿಗಿಯಾಗುವುದು, ತಟ್ಟನೆ ನಿಮ್ಮ ಕೈ ಕಡೆ ತಿರುಗಿ ನೋಡುವುದು, ತುಟಿ ನೆಕ್ಕುವುದು ಕಂಡರೆ ಅಲ್ಲಿಗೇ ನಿಲ್ಲಿಸಿ, ಜಾಗ ಗುರುತು ಮಾಡಿಕೊಳ್ಳಿ. ಗಾಢ ನಿದ್ದೆಯಲ್ಲಿದ್ದಾಗ ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತದೆ ಅಂತ ಎಣಿಸಿ. 30ಕ್ಕಿಂತ ಕಡಿಮೆ ಇರಬೇಕು. ಮೇಲಿಂದ ಮೇಲೆ ಅದಕ್ಕಿಂತ ಜಾಸ್ತಿ ಬಂದರೆ ವೈದ್ಯರಿಗೆ ಹೇಳಿ.

ನೋವು ಅಂತ ಅನಿಸಿದ ಕೂಡಲೇ ಮನೆಯ ಔಷಧಿ ಡಬ್ಬಕ್ಕೆ ಕೈ ಹಾಕಬೇಡಿ. ಮನುಷ್ಯರು ತಿನ್ನುವ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ನಾಯಿಗಳಿಗೆ ವಿಷವಾಗಬಹುದು.

ವಾರ ಕಾಯದೆ ಕೂಡಲೇ ವೈದ್ಯರ ಬಳಿ ಓಡಬೇಕಾದ ಲಕ್ಷಣಗಳೂ ಇವೆ. ಹೊಟ್ಟೆ ಉಬ್ಬಿಕೊಂಡು, ವಾಂತಿಗೆ ಒತ್ತಿದರೂ ಏನೂ ಬಾರದೆ, ನಾಯಿ ಕೂರಲಾಗದೆ ನಿಮ್ಮ ಸುತ್ತ ಓಡಾಡುತ್ತಿದ್ದರೆ ಅದು ಮುದ್ದು ಕೇಳುತ್ತಿಲ್ಲ. ಹೊಟ್ಟೆ ತಿರುಚಿಕೊಂಡಿರಬಹುದು. ಇದರಲ್ಲಿ ಗಂಟೆಗಳೇ ಜೀವ ಉಳಿಸುತ್ತವೆ. ಹಿಂಗಾಲು ಎಳೆಯುವುದು, ಮೂತ್ರ ಕಟ್ಟುವುದು, ಒಸಡು ಬಿಳಿಚುವುದು, ಫಿಟ್ಸ್ ಬರುವುದು ಕೂಡ ಇದೇ ಸಾಲಿಗೆ ಸೇರುತ್ತವೆ.

ಹೆಜ್ಜೆ 3: ವಯಸ್ಸಿನ ಲೆಕ್ಕ ಹಾಕಿ

ಮರಿ ಎಲ್ಲರ ಕಾಲಿಗೂ ಸುತ್ತಿಕೊಳ್ಳುತ್ತದೆ. ಆರೆಂಟು ತಿಂಗಳಾದ ಮೇಲೆ ಅದೇ ಮರಿ ಕರೆದರೂ ತಿರುಗಿ ನೋಡುವುದಿಲ್ಲ. ಇದು ನಾಯಿಯ ಹದಿಹರೆಯ. ನ್ಯೂಕಾಸಲ್, ನಾಟಿಂಗ್‌ಹ್ಯಾಮ್, ಎಡಿನ್‌ಬರೋ ವಿಶ್ವವಿದ್ಯಾಲಯಗಳ ಸಂಶೋಧಕರು 2020ರಲ್ಲಿ ತೋರಿಸಿದ ಒಂದು ವಿಷಯ ತಮಾಷೆಯಾಗಿದೆ. 5 ತಿಂಗಳಲ್ಲಿ "ಕೂತುಕೋ" ಅಂದರೆ ಕೂರುತ್ತಿದ್ದ ನಾಯಿಗಳು 8 ತಿಂಗಳಲ್ಲಿ ತಮ್ಮ ಮನೆಯವರ ಮಾತನ್ನು ಅಷ್ಟಾಗಿ ಕೇಳಲಿಲ್ಲ. ಆದರೆ ಹೊರಗಿನವರು ಹೇಳಿದರೆ ಕೇಳಿದವು. ಮನೆಯವರಿಂದ ದೂರವಾದರೆ ಜಾಸ್ತಿ ಕಳವಳಪಡುವ ನಾಯಿಗಳಲ್ಲಿ ಈ ಹಟ ಹೆಚ್ಚಾಗಿ ಕಂಡಿತು. ಮನೆಯಲ್ಲಿ ಹದಿಹರೆಯದ ಮಕ್ಕಳಿರುವವರಿಗೆ ಇದನ್ನು ವಿವರಿಸಬೇಕಿಲ್ಲ. ಈ ಹಂತ ತಾನಾಗಿ ಕಳೆಯುತ್ತದೆ. ಆ ಸಮಯದಲ್ಲಿ ಗದರಿಸಿ ಹತ್ತಿರ ಎಳೆದುಕೊಳ್ಳಲು ಹೋದರೆ ನಾಯಿ ಕಲಿಯುವುದು ದೂರ ಇರುವುದನ್ನೇ.

ಆಪರೇಷನ್ ಆಗದ ಹೆಣ್ಣುನಾಯಿ ಬೆದೆಗೆ ಬರುವ ದಿನಗಳಲ್ಲಿ ಕೆಲವು ಅಂಟಿಕೊಳ್ಳುತ್ತವೆ, ಕೆಲವು ಸಿಡುಕುತ್ತವೆ. ಬೆದೆ ಮುಗಿದು 6ರಿಂದ 8 ವಾರದ ಹೊತ್ತಿಗೆ ಸುಳ್ಳು ಬಸಿರು ಬರುವುದೂ ಉಂಟು. ಆಗ ಅದು ಗೊಂಬೆಯನ್ನೋ ಚಪ್ಪಲಿಯನ್ನೋ ಮರಿಯಂತೆ ಕಾಯುತ್ತಾ ಮೂಲೆ ಹಿಡಿಯಬಹುದು. ಕಸಿದುಕೊಳ್ಳಲು ಹೋಗಬೇಡಿ.

ಮುದಿತನದ ಮಾತು ಬೇರೆ. ಬರೀ "ವಯಸ್ಸಾಯಿತು" ಅಂತ ಬಿಟ್ಟುಬಿಡುವುದು ತಪ್ಪು. ನಾಯಿಗಳಿಗೂ ಮರೆಗುಳಿ ಕಾಯಿಲೆ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 11ರಿಂದ 12 ವರ್ಷದ ನಾಯಿಗಳಲ್ಲಿ ಶೇ 28ರಷ್ಟಕ್ಕೆ ಇದರ ಒಂದಾದರೂ ಲಕ್ಷಣ ಇತ್ತು. 15ರಿಂದ 16 ವರ್ಷದವುಗಳಲ್ಲಿ ಅದು ಶೇ 68. ಮನೆಯವರ ಜೊತೆಗಿನ ಒಡನಾಟ ಬದಲಾಗುವುದು ಇದರ ಮುಖ್ಯ ಲಕ್ಷಣಗಳಲ್ಲಿ ಒಂದು. ಕೆಲವು ನಾಯಿಗಳು ಸ್ವಾಗತಿಸಲು ಏಳುವುದೇ ಇಲ್ಲ, ಕೆಲವು ರಾತ್ರಿಯಿಡೀ ಜೊತೆ ಬೇಕು ಅಂತ ಅಳುತ್ತವೆ. ಗೋಡೆ ನೋಡುತ್ತಾ ನಿಲ್ಲುವುದು, ಬಾಗಿಲಿನ ತಪ್ಪು ಬದಿಯಲ್ಲಿ ಕಾಯುವುದು, ಹಗಲು ನಿದ್ದೆ ರಾತ್ರಿ ಓಡಾಟ, ಮನೆಯೊಳಗೆ ಮೂತ್ರ ಮಾಡುವುದು ಇದರ ಜೊತೆಗೆ ಸೇರಿದರೆ ವೈದ್ಯರಿಗೆ ತೋರಿಸಿ. ಪೂರ್ತಿ ವಾಸಿಯಾಗುವ ಕಾಯಿಲೆ ಅಲ್ಲ ನಿಜ, ಆದರೆ ಆಹಾರ, ಔಷಧಿ, ದಿನಚರಿಯಿಂದ ಅದರ ಬದುಕನ್ನು ಹಗುರ ಮಾಡಬಹುದು.

ಹೆಜ್ಜೆ 4: ಮನೆಯಲ್ಲಿ ಏನು ಬದಲಾಗಿದೆ ನೋಡಿ

ಇದನ್ನು ಪತ್ತೆ ಮಾಡುವುದು ಸುಲಭ. ಬದಲಾವಣೆ ಶುರುವಾದ ದಿನದ ಹಿಂದಿನ ಒಂದು ತಿಂಗಳು ನೆನಪು ಮಾಡಿಕೊಳ್ಳಿ. ಮಗು ಹುಟ್ಟಿತೇ, ಯಾರಾದರೂ ಮನೆ ಬಿಟ್ಟು ಹೋದರೇ, ಮನೆ ಬದಲಾಯಿತೇ, ಕೆಲಸದ ಹೊತ್ತು ಬದಲಾಯಿತೇ, ಇನ್ನೊಂದು ಪ್ರಾಣಿ ಬಂತೇ? ಪಕ್ಕದಲ್ಲಿ ಕಟ್ಟಡ ಕೆಲಸ ನಡೆಯುತ್ತಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ.

ನಿಮ್ಮ ಮನಸ್ಸಿನ ಸ್ಥಿತಿಯನ್ನೂ ಆ ಪಟ್ಟಿಗೆ ಸೇರಿಸಿ. ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದವರು 2019ರಲ್ಲಿ 58 ನಾಯಿಗಳ ಮತ್ತು ಅವುಗಳ ಮಾಲೀಕರ ಕೂದಲಿನಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಅಳೆದರು. ಮಾಲೀಕರಲ್ಲಿ ಅದು ಏರಿದಲ್ಲಿ ನಾಯಿಯಲ್ಲೂ ಏರಿದ್ದು ಕಂಡಿತು. 2022ರಲ್ಲಿ ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದವರು ಇನ್ನೊಂದು ವಿಷಯ ತೋರಿಸಿದರು: ತರಬೇತಾದ ನಾಯಿಗಳು ಒತ್ತಡದಲ್ಲಿದ್ದ ಮನುಷ್ಯರ ಬೆವರು ಮತ್ತು ಉಸಿರಿನ ವಾಸನೆಯನ್ನು ಬೇರೆಯಾಗಿ ಗುರುತಿಸಬಲ್ಲವು. ಪರೀಕ್ಷೆ, ಕೆಲಸದ ಒತ್ತಡ, ಮನೆಯ ಜಗಳ ಇವುಗಳ ನಡುವೆ ನಾಯಿ ಮೆತ್ತಗೆ ಮಂಚದ ಕೆಳಗೆ ಸೇರಿದರೆ ಆಶ್ಚರ್ಯ ಬೇಡ.

ಒಂದು ಬದಲಾವಣೆಗೆ ಮಾತ್ರ ಖುಷಿ ಪಡಬಹುದು. ದತ್ತು ತಂದ ನಾಯಿ ಮೊದಲು ನೆರಳಿನಂತೆ ಹಿಂದೆಯೇ ಇದ್ದು, ಕೆಲವು ತಿಂಗಳ ಮೇಲೆ ಇನ್ನೊಂದು ಕೋಣೆಯಲ್ಲಿ ಒಂಟಿಯಾಗಿ ನಿದ್ದೆ ಮಾಡಲು ಶುರು ಮಾಡಿದರೆ ಅದು ನಿಮ್ಮಿಂದ ದೂರವಾಗುತ್ತಿಲ್ಲ. ನೀವು ಎಲ್ಲೂ ಹೋಗುವುದಿಲ್ಲ ಅಂತ ನಂಬಿಕೆ ಬಂದಿದೆ, ಅಷ್ಟೆ. ಬುಡಾಪೆಸ್ಟ್‌ನ ಸಂಶೋಧಕರು 1998ರಲ್ಲೇ, ಪುಟ್ಟ ಮಕ್ಕಳಿಗೆ ಮಾಡುವ ಪರೀಕ್ಷೆಯನ್ನು ನಾಯಿಗಳಿಗೆ ಹೊಂದಿಸಿ, ಹೊಸ ಜಾಗದಲ್ಲಿ ಮಾಲೀಕರು ಜೊತೆಗಿದ್ದರೆ ನಾಯಿಗಳು ಹೆಚ್ಚು ಆಡುತ್ತವೆ, ಸುತ್ತ ಓಡಾಡಿ ನೋಡುತ್ತವೆ ಅಂತ ತೋರಿಸಿದ್ದರು. ಧೈರ್ಯ ಇದ್ದ ಕಡೆ ಅಂಟಿಕೊಳ್ಳುವ ಅಗತ್ಯ ಕಡಿಮೆ.

ಹೆಜ್ಜೆ 5: ನೀವೇ ಏನು ಕಲಿಸಿದ್ದೀರಿ ಅಂತ ನೋಡಿಕೊಳ್ಳಿ

ನಾಯಿ ಸುಮ್ಮನೆ ಪಕ್ಕದಲ್ಲಿ ಕೂತಿದ್ದಾಗ ನಾವು ಫೋನ್ ನೋಡುತ್ತಿರುತ್ತೇವೆ. ಕೈ ಮೇಲೆ ಪಂಜ ಇಟ್ಟಾಗಲೂ ನೋಡುವುದಿಲ್ಲ. ಕಾಲುಚೀಲ ಕದ್ದು ಓಡಿದಾಗ ಎದ್ದು ಹಿಂದೆ ಓಡುತ್ತೇವೆ. ನಾಯಿಗೆ ಇದರಿಂದ ತಿಳಿಯುವುದೇನು? ಗಮನ ಬೇಕಾದರೆ ಕಾಲುಚೀಲ ಕದಿಯಬೇಕು. ನಿಮ್ಮ ನಾಯಿ ಮೊದಲು ಮೆಲ್ಲಗೆ ಒರಗುತ್ತಿತ್ತು, ಈಗ ಬೊಗಳುತ್ತದೆ, ಹಾರುತ್ತದೆ ಅಂತಾದರೆ ಮೆಲ್ಲಗೆ ಕೇಳಿದ್ದು ಕೆಲಸ ಮಾಡಲಿಲ್ಲ ಅಂತಲೇ ಅರ್ಥ. ಎಷ್ಟೋ ಮನೆಗಳಲ್ಲಿ ನಾಯಿಗೆ ಬರುವ "ಹಠಮಾರಿ" ಅನ್ನುವ ಬಿರುದು ಅಲ್ಲಿರುವ ಫೋನುಗಳಿಗೆ ಸಲ್ಲಬೇಕು.

ಸರಿಪಡಿಸಲು ಮೊದಲು ನಿಮಗೆ ಇಷ್ಟವಾದ ಒಂದು ರೀತಿಯನ್ನು ಆರಿಸಿಕೊಳ್ಳಿ. ಎದುರು ಬಂದು ಕೂರುವುದು ಅಂತಿಟ್ಟುಕೊಳ್ಳಿ. ಅದು ಹಾಗೆ ಕೂತ ಪ್ರತಿ ಸಲವೂ, ಹೌದು ಪ್ರತಿ ಸಲವೂ, ಕಣ್ಣೆತ್ತಿ ಮಾತಾಡಿಸಿ, ಎರಡು ಸಲ ಸವರಿ. ಬೊಗಳಿದಾಗ ಬೈಯಬೇಡಿ, ನೋಡಬೇಡಿ. ಶುರುವಿನಲ್ಲಿ ಬೊಗಳುವುದು ಜಾಸ್ತಿಯಾಗುತ್ತದೆ. ಹಳೆಯ ಉಪಾಯ ಫಲಿಸದಿದ್ದಾಗ ಅದನ್ನೇ ಇನ್ನೂ ಜೋರಾಗಿ ಮಾಡಿ ನೋಡುವುದು ನಾಯಿಗೆ ಸಹಜ. ಆಗ ಸೋತು ತಿರುಗಿ ನೋಡಿದಿರೋ, ಇನ್ನು ಮುಂದೆ ಅಷ್ಟು ಜೋರು ಬೇಕು ಅಂತ ಕಲಿಸಿದಂತೆ. ಮನೆಯ ಎಲ್ಲರೂ ಒಂದೇ ನಿಯಮ ಪಾಲಿಸದಿದ್ದರೆ ಈ ಹೆಜ್ಜೆ ಶುರು ಮಾಡದಿರುವುದೇ ಮೇಲು.

ಹೆಜ್ಜೆ 6: ಕೈಯ ಪರೀಕ್ಷೆ

ಮುಟ್ಟುವುದು ನಾಯಿಗಳಿಗೆ ಇಷ್ಟವೇ? ಬಹುತೇಕ ಹೌದು. ಅಮೆರಿಕದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ನಾಯಿಗಳು ಬರೀ ಬಾಯಿಮಾತಿನ ಹೊಗಳಿಕೆಗಿಂತ ಸವರುವವರ ಪಕ್ಕದಲ್ಲೇ ಹೆಚ್ಚು ಹೊತ್ತು ಕಳೆದವು. ಆದರೆ ಎಲ್ಲಿ ಮುಟ್ಟುತ್ತೀರಿ, ಯಾವಾಗ ಮುಟ್ಟುತ್ತೀರಿ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಹೀಗೆ ಮಾಡಿ. ಪಕ್ಕಕ್ಕೆ ತಿರುಗಿ ಕೂರಿ. ನಾಯಿಯೇ ಬರಲಿ. ಎದೆ ಅಥವಾ ಕತ್ತಿನ ಬದಿಯನ್ನು 3ರಿಂದ 5 ಸೆಕೆಂಡ್ ಸವರಿ, ಕೈ ಹಿಂದಕ್ಕೆ ತೆಗೆಯಿರಿ. ಈಗ ನೋಡಿ. ಮೈ ಒತ್ತಿತೇ, ಕೈ ಕೆಳಗೆ ಮೂತಿ ತೂರಿಸಿತೇ, ಸಡಿಲವಾಗಿ ನಿಂತು ನಿಮ್ಮನ್ನೇ ನೋಡಿತೇ? ಮುಂದುವರಿಸಿ. ತುಟಿ ನೆಕ್ಕಿತೇ, ಆಕಳಿಸಿತೇ, ಮುಖ ತಿರುಗಿಸಿತೇ, ಕಣ್ಣಿನ ಬಿಳಿ ಕಾಣಿಸಿತೇ, ಮೈ ಕೊಡವಿತೇ, ಅಥವಾ ಏನೂ ಮಾಡದೆ ಬಿಗಿದು ನಿಂತಿತೇ? ಇವತ್ತಿಗೆ ಸಾಕು. ಕೊನೆಯದನ್ನು ಜನ ತುಂಬಾ ಸಲ ಒಪ್ಪಿಗೆ ಅಂತ ತಿಳಿಯುತ್ತಾರೆ. ಅಲ್ಲಾಡದೆ ನಿಂತ ನಾಯಿ ಸಹಿಸಿಕೊಳ್ಳುತ್ತಿರಬಹುದು.

ನೆತ್ತಿಯ ಮೇಲೆ ತಟ್ಟುವುದು, ಮೈಮೇಲೆ ಬಾಗುವುದು, ತಬ್ಬಿಕೊಳ್ಳುವುದು ನಮಗೆ ಮುದ್ದು. ಎಷ್ಟೋ ನಾಯಿಗಳಿಗೆ ಅದು ಕಿರಿಕಿರಿ. ಹೊಟ್ಟೆ ತೋರಿಸುವುದರಲ್ಲೂ ಎರಡು ಬಗೆ. ಬಾಯಿ ತೆರೆದು, ಮೈ ಸಡಿಲ ಬಿಟ್ಟು ಹೊರಳಾಡುತ್ತಿದ್ದರೆ ಸವರಿ. ಬಾಲ ಒಳಕ್ಕೆ ಎಳೆದುಕೊಂಡು, ಬಾಯಿ ಬಿಗಿದು, ಒಂದು ಕಾಲು ಎತ್ತಿ ಮಲಗಿದ್ದರೆ ಅದು "ನನ್ನನ್ನು ಬಿಟ್ಟುಬಿಡಿ" ಅನ್ನುವ ಮಾತು.

ಗುರ್ ಅಂದರೆ ಹೊಡೆಯಬೇಡಿ, ಗದರಿಸಬೇಡಿ. ಗುರ್ ಅನ್ನುವುದು ಎಚ್ಚರಿಕೆ. ಅದನ್ನು ಅಡಗಿಸಿದರೆ ನಾಯಿ ಎಚ್ಚರಿಕೆ ಕೊಡುವುದನ್ನು ಬಿಟ್ಟು ನೇರ ಕಚ್ಚುವುದನ್ನು ಕಲಿಯಬಹುದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ 3 ಸೆಕೆಂಡಿನ ಆಟವನ್ನು ಅವರಿಗೂ ಹೇಳಿಕೊಡಿ. ಮಲಗಿದ, ತಿನ್ನುತ್ತಿರುವ ನಾಯಿಯನ್ನು ಮುಟ್ಟಬಾರದು ಅನ್ನುವುದು ಮಾತ್ರ ಆಟವಲ್ಲ, ಕಾನೂನು.

ಹೆಜ್ಜೆ 7: ಹೊಸ ರೀತಿಗೆ ಜಾಗ ಮಾಡಿಕೊಡಿ

ಕಾರಣ ಗೊತ್ತಾದ ಮೇಲೆ ಹಳೆಯ ರೀತಿಯನ್ನೇ ವಾಪಸ್ ತರಬೇಕು ಅಂತ ಹಟ ಹಿಡಿಯಬೇಡಿ. ಕೀಲುನೋವಿನ ನಾಯಿಗೆ ಸೋಫಾ ಪಕ್ಕ ಇಳಿಜಾರಿನ ಹಲಗೆ ಇಡಿ, ಜಾರುವ ನೆಲಕ್ಕೆ ಚಾಪೆ ಹಾಸಿ, ಅದರ ಹಾಸಿಗೆಯನ್ನು ನೀವು ಕೂರುವ ಜಾಗದ ಪಕ್ಕಕ್ಕೆ ತನ್ನಿ. ಕಿವಿ ಕೇಳದ ನಾಯಿಯ ಹತ್ತಿರ ಹೋಗುವಾಗ ನೆಲವನ್ನು ಕಾಲಿನಿಂದ ಮೆಲ್ಲಗೆ ತಟ್ಟಿ, ಎಚ್ಚರವಾದ ಮೇಲೆ ಮುಟ್ಟಿ. ಕಣ್ಣು ಕಾಣದ ನಾಯಿಯನ್ನು ಮೊದಲು ಹೆಸರು ಹಿಡಿದು ಕರೆಯಿರಿ.

ದೂರ ಮಲಗಿ ನಿಮ್ಮನ್ನೇ ನೋಡುವ ನಾಯಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜಪಾನಿನ ಅಜಬು ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ, ನಾಯಿ ತನ್ನ ಮಾಲೀಕರನ್ನು ಹೆಚ್ಚು ಹೊತ್ತು ನೋಡಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಏರುವುದನ್ನು ಕಂಡರು. ತಾಯಿ ಮಗುವಿನ ನಡುವಿನ ನಂಟಿಗೂ ಇದೇ ಹಾರ್ಮೋನ್ ಬೇಕು. ಅದು ಆರಾಮವಾಗಿ ನೋಡಿದರೆ ನೀವೂ ಮೃದುವಾಗಿ ನೋಡಿ, ಹೆಸರು ಹೇಳಿ. ಎದ್ದು ಹೋಗಿ ಮುಟ್ಟಲೇಬೇಕು ಅಂತಿಲ್ಲ.

ತೀರಾ ಅಂಟಿಕೊಂಡ ನಾಯಿಯನ್ನು ದೂರ ತಳ್ಳಿದರೆ ಕಳವಳ ಹೆಚ್ಚುತ್ತದೆ. ಅದರ ಬದಲು ನೀವು ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಚಾಪೆ ಹಾಕಿ, ಅಲ್ಲಿ ಅಗಿಯಲು ಏನಾದರೂ ಕೊಡಿ. ದಿನ ಕಳೆದಂತೆ ಚಾಪೆಯನ್ನು ಸ್ವಲ್ಪ ಸ್ವಲ್ಪ ದೂರ ಸರಿಸಿ. ನೀವು ಹೊರಗೆ ಹೋದಾಗ ಬಾಗಿಲು ಕೆರೆಯುವುದು, ಜೊಲ್ಲು ಸುರಿಸುವುದು, ನಿಲ್ಲದೆ ಊಳಿಡುವುದು ಇದ್ದರೆ ಅದು ಅಗಲಿಕೆಯ ಆತಂಕ. ಚಾಪೆಯೊಂದರಿಂದ ಅದು ಹೋಗುವುದಿಲ್ಲ. ವೈದ್ಯರ ಸಹಾಯ ಬೇಕು, ಕೆಲವಕ್ಕೆ ಔಷಧಿಯೂ ಬೇಕಾಗುತ್ತದೆ.

ವೈದ್ಯರ ಬಳಿ ಹೋಗುವಾಗ ಹೆಜ್ಜೆ 1ರಲ್ಲಿ ಬರೆದದ್ದನ್ನು ಜೊತೆಗೆ ಒಯ್ಯಿರಿ, ಮೂರು ಚಿಕ್ಕ ವಿಡಿಯೋ ಕೂಡ ಇರಲಿ. ನಿದ್ದೆಯಿಂದ ಏಳುವಾಗಿನದು ಒಂದು, ಮೆಟ್ಟಿಲು ಹತ್ತಿ ಇಳಿಯುವುದು ಇನ್ನೊಂದು, ನೀವು ಮುಟ್ಟಲು ಹೋದಾಗ ಅದು ಮಾಡುವುದು ಮತ್ತೊಂದು. ಪರೀಕ್ಷೆಯ ಮೇಜಿನ ಮೇಲೆ ಹೆದರಿದ ನಾಯಿ ಕುಂಟುವುದನ್ನೂ ಮರೆತುಬಿಡುತ್ತದೆ, ಅಲ್ವಾ? ಮನೆಯ ವಿಡಿಯೋದಲ್ಲಿ ಅದು ಕಾಣುತ್ತದೆ.